ಒಂದು ಟನ್ನಿನ ಡಾಂಬರು ಬಾಯ್ಲರ್: ಮಲೆನಾಡಿನ ಕೆಲಸಕ್ಕೆ ಎಷ್ಟು ಒಗ್ಗುತ್ತದೆ?

ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆಯುವ, ಡೀಸೆಲ್ ಬರ್ನರ್ ಇರುವ, ಒಂದು ಟನ್ ಹಿಡಿಯುವ ಡಾಂಬರು ಬಾಯ್ಲರ್ ಈಗ ಶಿವಮೊಗ್ಗದ ಸುತ್ತಮುತ್ತ ಬಾಡಿಗೆಗೂ ಸಿಗುತ್ತದೆ, ಕೊಳ್ಳಲೂ ಸಿಗುತ್ತದೆ. ಹೊಸದನ್ನು ಕೊಂಡರೆ ಜತೆಗೆ ‘ಸೇಫ್ಟಿ ಕಿಟ್’ ಎಂದು ಒಂದು ಚೀಲವನ್ನೂ ಕೊಡುತ್ತಾರೆ. ಪಂಚಾಯಿತಿ ರಸ್ತೆ, ಲೇಔಟ್ ರಸ್ತೆ, ತೋಟಕ್ಕೆ ಹೋಗುವ ದಾರಿ, ಮಳೆಗಾಲ ಕಳೆದ ಮೇಲಿನ ಗುಂಡಿ ಮುಚ್ಚುವ ಕೆಲಸ ಇವಕ್ಕೆಲ್ಲ ಬರುವುದು ಹೆಚ್ಚಾಗಿ ಈ ಗಾತ್ರದ ಯಂತ್ರವೇ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಯಂತ್ರಕ್ಕೆ ಐದರಲ್ಲಿ ಮೂರೂವರೆ, ಕಿಟ್ಟಿಗೆ ಒಂದೂವರೆ.

ಮೂರು ಕಲ್ಲಿನ ಮೇಲೆ ಡ್ರಮ್ ಇಟ್ಟು ಕಟ್ಟಿಗೆ, ಅಡಿಕೆ ಸಿಪ್ಪೆ, ಹಳೇ ಟೈರು ಉರಿಸಿ, ಬಕೆಟ್ಟಿನಲ್ಲಿ ಮೊಗೆದು ಸುರಿಯುತ್ತಿದ್ದ ಪದ್ಧತಿಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಉರಿ ಕೊಳವೆಯೊಳಗೆ ಇರುತ್ತದೆ, ಡಾಂಬರಿಗೆ ಮುಚ್ಚಳ ಇರುತ್ತದೆ, ಕೈಯಿಂದ ಸುರಿಯುವ ಬದಲು ಗೇರ್ ಪಂಪಿನಿಂದ ಸ್ಪ್ರೇ ಆಗುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಕಾಡಿನ ಅಂಚಿನ ರಸ್ತೆಯಲ್ಲಿ ದರಗು ಒಣಗಿ ಬಿದ್ದಿರುವಾಗ ತೆರೆದ ಒಲೆ ಹೂಡುವುದಕ್ಕಿಂತ ಇದು ಎಷ್ಟು ವಾಸಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಯಂತ್ರವನ್ನು ರೂಪಿಸಿದವರ ಮನಸ್ಸಿನಲ್ಲಿ ಇದ್ದದ್ದು ಬಯಲುಸೀಮೆಯ ಒಣ ಯಾರ್ಡು, ಸಪಾಟು ನೆಲ. ಮಲೆನಾಡಿನಲ್ಲಿ ಬಾಯ್ಲರನ್ನು ಪರೀಕ್ಷೆ ಮಾಡುವುದು ನೀರು ಮತ್ತು ಏರು. ಇದಕ್ಕೆ ಅಂಕ ಹೆಚ್ಚಾಗಿ ಕಡಿಮೆಯಾಗಿರುವುದು ಆ ಎರಡರಲ್ಲೇ.

ನೀರಿನಿಂದ ಶುರು ಮಾಡೋಣ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,600 ಲೀಟರ್ ಜಾಗ ಬೇಡುತ್ತದೆ. ತೆರೆದ ಪಾತ್ರೆಯ ನೀರಾದರೆ ಆ ಆವಿ ಸುಮ್ಮನೆ ಮೇಲೆ ಹೋಗುತ್ತದೆ. ಅರೆ ಕರಗಿದ ಡಾಂಬರಿನ ಕೆಳಗೆ ಸಿಕ್ಕಿಬಿದ್ದ ನೀರಿಗೆ ಆ ದಾರಿ ಇಲ್ಲ. ಕೆನೆಗಟ್ಟಿದ ಹಾಲಿನ ಹಾಗೆ ನೊರೆಯಾಗಿ ಇಡೀ ಟ್ಯಾಂಕನ್ನೇ ಎತ್ತಿಕೊಂಡು ಉಕ್ಕುತ್ತದೆ. ಡಾಂಬರಿನ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ, ನೀರು ಎಣ್ಣೆಯ ಅಡಿಯಲ್ಲಿ ನಿಲ್ಲುವಂತೆ ತಳಕ್ಕೆ ಇಳಿದು ನಿಲ್ಲುತ್ತದೆ ಎಂದು ನಂಬಿಕೊಳ್ಳುವ ಹಾಗೂ ಇಲ್ಲ. ಮೇಲೆ, ನಡುವೆ, ತಳದಲ್ಲಿ, ಎಲ್ಲಿ ಬೇಕಾದರೂ ಇರುತ್ತದೆ. ಉಕ್ಕಿ ಬಂದ ನೊರೆ ಬರ್ನರ್ ಬಾಯಿಗೆ ಇಳಿದರೆ ಬೆಂಕಿ, ಮನುಷ್ಯರ ಮೇಲೆ ಬಿದ್ದರೆ ಸುಟ್ಟಗಾಯ.

ಆ ನೀರು ಎಲ್ಲಿಂದ ಬರುತ್ತದೆ? ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಕಡೆಯಾಗಲಿ, ಅದರ ಅರ್ಧವೂ ಬೀಳದ ಊರಾಗಲಿ, ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನ ತಲೆ ಮಳೆಗಾಲವಿಡೀ ಕೊಳ ಆಗಿರುತ್ತದೆ. ಅಂಚಿನ ಮಡಿಕೆ ತುಕ್ಕು ಹಿಡಿದ ಕಡೆಯಿಂದ ನೀರು ಒಳಗಿಳಿಯುತ್ತದೆ. ಡಿಸೆಂಬರಿನಲ್ಲಿ ಕೆಲಸ ಶುರುವಾಗುವ ಹೊತ್ತಿಗೆ ಡ್ರಮ್ ಹೊರಗೆ ಒಣಗಿರುತ್ತದೆ, ಒಳಗೆ ಮಾತ್ರ ನೀರು ಹಾಗೇ ಕೂತಿರುತ್ತದೆ. ಡ್ರಮ್ಮುಗಳನ್ನು ಅಡ್ಡ ಮಲಗಿಸಿ, ಮರದ ತುಂಡಿನ ಮೇಲೆ, ತಗಡಿನ ಕೆಳಗೆ ಇಡುವುದು ಮೊದಲ ಕೆಲಸ. ಕತ್ತರಿಸುವ ಮುಂಚೆ ಮೇಲ್ಭಾಗವನ್ನು ಒರೆಸಿ, ಮುಚ್ಚಳ ತೆಗೆದ ಮೇಲೆ ನಿಂತ ನೀರನ್ನು ಬಗ್ಗಿಸಿ ಚೆಲ್ಲಬೇಕು. ಹೀಗಿದ್ದರೂ ‘ನಮ್ಮ ಡ್ರಮ್ಮಿನಲ್ಲಿ ನೀರಿಲ್ಲ’ ಎಂದು ಎದೆ ತಟ್ಟಿ ಹೇಳುವ ಮೇಸ್ತ್ರಿಯ ಮಾತು ನಂಬಬೇಡಿ. ಪ್ರತಿ ಡ್ರಮ್ಮಿನಲ್ಲೂ ನೀರಿದೆ ಎಂದುಕೊಂಡೇ ಕಾಯಿಸಿ.

ಇಲ್ಲಿ ಯಂತ್ರದ ಮೊದಲ ದೋಷ ಕಾಣುತ್ತದೆ. ‘ಒಂದು ಟನ್’ ಎಂದು ಬರೆದಿರುವುದು ಕಂಠಮಟ್ಟ ತುಂಬಿದರೆ ಹಿಡಿಯುವ ಲೆಕ್ಕ. ಒಂದು ಡ್ರಮ್ಮಿನಲ್ಲಿ ಸುಮಾರು 150 ಕೆಜಿ ಡಾಂಬರು ಇರುತ್ತದೆಂದು ಹಿಡಿದರೆ ಆರು ಡ್ರಮ್ ಹಾಕಬಹುದು ಎಂದು ಮಾರುವವರು ಹೇಳುತ್ತಾರೆ. ಹಾಕಬಾರದು. ಡಾಂಬರು 30 ಡಿಗ್ರಿಯಿಂದ 160 ಡಿಗ್ರಿಗೆ ಏರುವಾಗಲೇ ಗಾತ್ರದಲ್ಲಿ ಸುಮಾರು ನೂರಕ್ಕೆ ಎಂಟರಷ್ಟು ಹಿಗ್ಗುತ್ತದೆ. ಅದರ ಮೇಲೆ ನೊರೆಗೆ ಜಾಗ ಬೇಕು. ಮೊದಲ ಕಾಯಿಸುವಿಕೆಗೆ ನಾಲ್ಕೇ ಡ್ರಮ್, ಮೂರರಲ್ಲೊಂದು ಭಾಗ ಖಾಲಿ. ನೀರೆಲ್ಲ ಹಾರಿದ ಮೇಲೆ ಉಳಿದದ್ದನ್ನು ಸೇರಿಸಬಹುದು. ಟ್ಯಾಂಕಿನ ಒಳಗೆ ಗರಿಷ್ಠ ಮಟ್ಟದ ಗುರುತೇ ಇಲ್ಲ ಎಂಬುದು ಕ್ಷಮಿಸಲಾಗದ ಲೋಪ. ಒಂದು ಕಬ್ಬಿಣದ ಸರಳಿಗೆ ಎರಡು ಗೆರೆ ಕೊರೆದು ಅಳತೆಗೋಲು ಮಾಡಿಟ್ಟುಕೊಳ್ಳಿ: ಮೇಲಿನ ಗೆರೆ ತುಂಬುವ ಮಿತಿ, ಕೆಳಗಿನದು ಉರಿಕೊಳವೆಯ ಮಿತಿ. ಕೆಳಗಿನ ಗೆರೆಯ ವಿಷಯ ಮುಂದೆ ಬರುತ್ತದೆ. ಕೋಲನ್ನು ಅದ್ದುವ ಮುಂಚೆ ಒಣಬಟ್ಟೆಯಲ್ಲಿ ಒರೆಸಿ. ಒದ್ದೆ ಕೋಲೂ ಸಿಡಿಸುತ್ತದೆ.

ಕಾಯಿಸುವ ಕ್ರಮ ಹೀಗೆ. ಬರ್ನರ್ ಸಣ್ಣಗೆ ಇಟ್ಟು ನಿಧಾನವಾಗಿ 100 ಡಿಗ್ರಿಯ ಸುತ್ತ ತಂದು ಅಲ್ಲೇ ತಡೆಯಬೇಕು. ಚಟಪಟ ಸದ್ದು, ಮೇಲ್ಮೈ ಮೇಲೆ ಗುಳ್ಳೆ, ಬಿಳಿ ಆವಿ ಕಾಣಿಸಿಕೊಳ್ಳುತ್ತವೆ. ಇವೆಲ್ಲ ನಿಂತು ಮೇಲ್ಮೈ ಕನ್ನಡಿಯಂತೆ ನುಣುಪಾಗುವ ತನಕ 115 ದಾಟಿಸಬಾರದು. ಡಾಂಬರು ಹರಿಯುವಷ್ಟು ಕರಗಿದ ಮೇಲೆ ಪಂಪನ್ನು ಟ್ಯಾಂಕಿನಿಂದ ಟ್ಯಾಂಕಿಗೇ ಸುತ್ತು ಹೊಡೆಸಿದರೆ ನೀರು ಬೇಗ ಹೊರಬೀಳುತ್ತದೆ. ಈ ಯಂತ್ರದಲ್ಲಿ ಆ ಸುತ್ತಿನ ವಾಲ್ವ್ ಕೊಟ್ಟಿದ್ದಾರೆ, ಅದು ಮೆಚ್ಚತಕ್ಕದ್ದು. ನೊರೆ ಏಳತೊಡಗಿದರೆ ಮಾಡಬೇಕಾದದ್ದು ಒಂದೇ: ಬರ್ನರ್ ಆರಿಸಿ ದೂರ ಸರಿಯುವುದು. ಗಡಿಬಿಡಿಯಲ್ಲಿ ಮುಚ್ಚಳ ಒತ್ತಿ ಹಿಡಿಯುವವರು, ತಣ್ಣೀರು ಎರಚುವವರು ಇದ್ದಾರೆ. ಎರಡೂ ಆತ್ಮಹತ್ಯೆಗೆ ಸಮ. ಬಿಸಿ ಡಾಂಬರಿಗೆ ಹೊಸ ಗಡ್ಡೆ ಸೇರಿಸುವಾಗಲೂ ಮೇಲಿನಿಂದ ಎಸೆಯಬಾರದು. ಬರ್ನರ್ ಆರಿಸಿ, ಒಣಗಡ್ಡೆಯನ್ನು ಅಂಚಿನಿಂದ ಜಾರಿಬಿಡಬೇಕು, ಮುಖ ಆಚೆ ತಿರುಗಿಸಿರಬೇಕು. ಮುಚ್ಚಳಕ್ಕೆ ಒಂದು ಜಾರುಬಾಯಿ ಬೆಸೆದುಕೊಟ್ಟಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನ ಯಾವ ವೆಲ್ಡಿಂಗ್ ಅಂಗಡಿಯಲ್ಲೂ ಅರ್ಧ ದಿನದ ಕೆಲಸ ಅದು. ಆದರೆ ಖಾಲಿ ಮಾಡಿ ಪೂರ್ತಿ ಶುಚಿಗೊಳಿಸದ ಟ್ಯಾಂಕಿಗೆ ವೆಲ್ಡಿಂಗ್ ಕಿಡಿ ತಾಗಿಸಬಾರದು, ಮುಚ್ಚಳವನ್ನು ಬಿಚ್ಚಿ ಒಯ್ಯಿರಿ.

ನೀರು ಬರುವ ಇನ್ನೊಂದು ದಾರಿ ಬಹಳ ಜನರಿಗೆ ಹೊಳೆಯುವುದೇ ಇಲ್ಲ: ಎಮಲ್ಶನ್, ಅಂದರೆ ನೀರಿನಲ್ಲಿ ಬೆರೆಸಿದ ಡಾಂಬರು. ಟ್ಯಾಕ್ ಕೋಟಿಗೆ (ಹೊಸ ಪದರ ಹಿಡಿದುಕೊಳ್ಳಲಿ ಎಂದು ಹಳೇ ರಸ್ತೆಗೆ ಹೊಡೆಯುವ ತೆಳು ಲೇಪಕ್ಕೆ) ಬಳಸುವ ಆರ್‌ಎಸ್-1 ದರ್ಜೆಯ ಎಮಲ್ಶನ್ನಿನಲ್ಲಿ ಭಾರತೀಯ ಮಾನಕ ಐಎಸ್ 8887ರ ಪ್ರಕಾರ ಡಾಂಬರಿನ ಅಂಶ ಕನಿಷ್ಠ ನೂರಕ್ಕೆ 60. ಉಳಿದದ್ದು ಬಹುತೇಕ ನೀರು. ಬಾಡಿಗೆ ಬಾಯ್ಲರಿನಲ್ಲಿ ಹಿಂದಿನ ಗಿರಾಕಿ ಎಮಲ್ಶನ್ ಹಾಕಿದ್ದು ತಳದಲ್ಲೋ ಪೈಪಿನಲ್ಲೋ ಉಳಿದಿದ್ದರೆ, ನೀವು 150 ಡಿಗ್ರಿಯ ಡಾಂಬರನ್ನು ನೀರಿನ ಮೇಲೆ ಸುರಿದಂತೆಯೇ. ಬಿಸಿ ಡಾಂಬರು ಇದ್ದ ಟ್ಯಾಂಕಿಗೆ ಎಮಲ್ಶನ್ ಸುರಿದರೂ ಅದೇ ಕಥೆ. ಬಾಡಿಗೆಗೆ ಒಯ್ಯುವಾಗ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ‘ಇದರಲ್ಲಿ ಕೊನೆಗೆ ಹಾಕಿದ್ದು ಏನು?’. ಉತ್ತರ ತಡವರಿಸಿದರೆ ತಳದ ಕಾಕ್ (ನಲ್ಲಿ) ತೆರೆದು ನೋಡಿ.

ಈಗ ಏರಿನ ವಿಷಯ. ಟ್ಯಾಂಕಿನೊಳಗಿನ ಉರಿಕೊಳವೆಯ ಮೇಲೆ ಕನಿಷ್ಠ 150 ಮಿ.ಮೀ. ಡಾಂಬರು ಇಲ್ಲದೆ ಬರ್ನರ್ ಹಚ್ಚಬಾರದು ಎಂಬುದು ಈ ಕಸುಬಿನ ಮೂಲ ನಿಯಮ. ಕೊಳವೆ ಬೋಳಾದರೆ ಅದರ ತಗಡು ಕೆಂಪಗೆ ಕಾದು ಮೇಲಿನ ಆವಿಗೆ ಬೆಂಕಿ ಹೊತ್ತಿಸುತ್ತದೆ. ಸಪಾಟು ನೆಲದಲ್ಲಿ ಇದು ಸುಲಭ. ಮಲೆನಾಡಿನಲ್ಲಿ ಸಪಾಟು ನೆಲ ಎಲ್ಲಿದೆ? ಟ್ಯಾಂಕು 1.5 ಮೀಟರ್ ಉದ್ದವಿದ್ದು, ಇಪ್ಪತ್ತಕ್ಕೆ ಒಂದರ ಏರಿನಲ್ಲಿ ನಿಂತರೆ, ಎರಡು ತುದಿಗಳ ನಡುವೆ 75 ಮಿ.ಮೀ. ವ್ಯತ್ಯಾಸ ಬರುತ್ತದೆ. ಇಳಿಜಾರಿನ ಕಡೆಯ ಬಾಯಲ್ಲಿ ಅಳತೆಗೋಲು ಅದ್ದಿ 150 ಇದೆ ಎಂದುಕೊಂಡರೆ ಮೇಲ್ತುದಿಯಲ್ಲಿ ಇರುವುದು 75 ಮಾತ್ರ. ಸ್ಪ್ರೇ ಮಾಡುತ್ತ ಮಟ್ಟ ಇಳಿದಂತೆಲ್ಲ ಆ ತುದಿ ಮೊದಲು ಬೋಳಾಗುತ್ತದೆ. ಈ ಬಾಯ್ಲರಿಗೆ ಮುಂದೆ ಒಂದು ಜಾಕ್ ಕಾಲಷ್ಟೇ ಇದೆ. ಹಿಂದೆ ಎರಡು ಇರಬೇಕಿತ್ತು. ಜಾಕ್ ಇಲ್ಲದಿದ್ದರೆ ಹಲಗೆ ಕೊಟ್ಟು ಮಟ್ಟ ಮಾಡಿ, ಗಾಲಿಗೆ ಎರಡೂ ಕಡೆ ಕಲ್ಲಲ್ಲ, ಮರದ ಅಡೆ ಇಡಿ, ಅಳತೆಯನ್ನು ಏರಿನ ತುದಿಯಲ್ಲೇ ತೆಗೆಯಿರಿ.

ಕಾದ ಟ್ಯಾಂಕನ್ನು ಎಳೆದುಕೊಂಡು ಹೋಗುವ ಚಾಳಿ ಬಿಡಬೇಕು. ಬಾಳೆಬರೆ ಘಾಟಿಯ ಇಳಿಜಾರಾಗಲಿ ತೀರ್ಥಹಳ್ಳಿ ಕಡೆಯ ತಿರುವುಗಳಾಗಲಿ, ಒಳಗೆ ತಡೆಹಲಗೆ ಇಲ್ಲದ ಟ್ಯಾಂಕಿನಲ್ಲಿ ಡಾಂಬರು ಒಂದು ಪಕ್ಕಕ್ಕೆ ನುಗ್ಗಿ ಟ್ರೇಲರನ್ನೇ ಎಳೆಯುತ್ತದೆ. ಬರ್ನರ್ ಉರಿಯುತ್ತಿರುವಾಗ ಎಳೆಯುವುದಂತೂ ಬೇಡವೇ ಬೇಡ. ಪ್ಯಾಚ್ ಕೆಲಸದಲ್ಲಿ ಹತ್ತಿಪ್ಪತ್ತು ಮೀಟರ್ ಸರಿಸುವುದಿದ್ದರೂ ಬರ್ನರ್ ಆರಿಸಿ, ಮುಚ್ಚಳದ ಕೊಂಡಿ ಹಾಕಿ, ಲ್ಯಾನ್ಸನ್ನು (ಕೈಯಲ್ಲಿ ಹಿಡಿದು ಸ್ಪ್ರೇ ಮಾಡುವ ಕೊಳವೆ) ಗೂಡಿನಲ್ಲಿಟ್ಟು ಸರಿಸಿ.

ಉಷ್ಣತೆಯ ಮೀಟರ್ ಬಗ್ಗೆ ಎರಡು ಮಾತು. ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯಲ್ಲಿ ಹಾಟ್‌ಮಿಕ್ಸಿಗೆ (ಜಲ್ಲಿಯ ಜತೆ ಬಿಸಿಯಾಗಿ ಕಲಸುವ ಮಿಶ್ರಣಕ್ಕೆ) ವಿಜಿ-30 ದರ್ಜೆಯ ಡಾಂಬರಿನ ಬಿಸಿ 150ರಿಂದ 165, ವಿಜಿ-10ಕ್ಕೆ 140ರಿಂದ 160. ಐಎಸ್ 73ರ ಪ್ರಕಾರ ಇವುಗಳ ಫ್ಲ್ಯಾಶ್ ಪಾಯಿಂಟ್ (ಆವಿಗೆ ಕಿಡಿ ತಾಗಿದರೆ ಬೆಂಕಿ ಹೊತ್ತುವ ಬಿಸಿ) ಕನಿಷ್ಠ 220. ನಡುವೆ ಸಾಕಷ್ಟು ಅಂತರ ಇದೆ ಎನಿಸುತ್ತದೆ. ಆದರೆ ಅದು ಶುದ್ಧ ಡಾಂಬರಿನ ಲೆಕ್ಕ. ತೆಳುವಾಗಲಿ ಎಂದು ಒಂದು ಕೊಡ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಸುರಿದ ಕ್ಷಣ ಆ ಅಂತರ ಮಾಯ. ನಮ್ಮ ಡೀಸೆಲ್ಲಿನ ಫ್ಲ್ಯಾಶ್ ಪಾಯಿಂಟಿನ ಮಿತಿ ಬರೀ 35 ಡಿಗ್ರಿ. 150ರ ಡಾಂಬರಿನ ಮೇಲೆ ಬಿದ್ದರೆ ಅದು ಉರಿಯಲು ತಯಾರಾದ ಆವಿ. ಈ ಯಂತ್ರದ ಡಯಲ್ ಮೀಟರಿನ ಕಡ್ಡಿ ಗಿಡ್ಡ, ಟ್ಯಾಂಕಿನ ಗೋಡೆಯ ಹತ್ತಿರದ ಬಿಸಿಯನ್ನಷ್ಟೇ ತೋರಿಸುತ್ತದೆ. ನಡುವೆ, ಕೊಳವೆಯ ಪಕ್ಕದಲ್ಲಿ ಎಷ್ಟೋ ಹೆಚ್ಚಿರುತ್ತದೆ. ಮಿತಿ ದಾಟಿದರೆ ತಾನೇ ಆರುವ ಥರ್ಮೋಸ್ಟಾಟ್ ಬರ್ನರಿಗೆ ಇಲ್ಲ. ಅರ್ಧ ಅಂಕ ಹೋದದ್ದು ಅಲ್ಲಿ. ಮೀಟರನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿ ನೋಡಿ: ಶಿವಮೊಗ್ಗದ ಎತ್ತರದಲ್ಲಿ ಸುಮಾರು 98 ತೋರಿಸಬೇಕು. ಅದ್ದಿದ ಮೀಟರನ್ನು ಚೆನ್ನಾಗಿ ಒಣಗಿಸಿಯೇ ವಾಪಸು ಹಾಕಬೇಕು ಎಂದು ಬೇರೆ ಹೇಳಬೇಕೇ. ಇನ್‌ಫ್ರಾರೆಡ್ ಗನ್ ಇದ್ದರೆ ಅದು ಮೇಲಿನ ಪದರದ ಬಿಸಿ ಮಾತ್ರ ಓದುತ್ತದೆ, ಅದನ್ನೇ ನೆಚ್ಚಿಕೊಳ್ಳಬೇಡಿ.

ಬರ್ನರ್ ಚೆನ್ನಾಗಿದೆ. ಮೊದಲು ಬ್ಲೋವರ್ ಓಡಿಸಿ ಕೊಳವೆಯೊಳಗಿನ ಹಳೇ ಆವಿ ಹೊರಹಾಕಿ, ಆಮೇಲೆ ಉದ್ದ ಕೋಲಿನ ಪಂಜು, ಆಮೇಲೆ ಡೀಸೆಲ್. ಉರಿ ತಾನಾಗಿ ಆರಿದರೆ ಡೀಸೆಲ್ ನಿಲ್ಲಿಸಿ ಮತ್ತೆ ಬ್ಲೋವರಿನಿಂದಲೇ ಶುರು.

ಪಂಪು ಮತ್ತು ಲ್ಯಾನ್ಸಿಗೆ ಒಳ್ಳೆಯ ಅಂಕ ಕೊಡಬಹುದು, ಹೋಸಿನ ಜೋಡಣೆಯೊಂದನ್ನು ಬಿಟ್ಟು. ಲೋಹದ ಹೆಣಿಗೆಯ ಹೋಸ್ ಕೊಟ್ಟು ತುದಿಯಲ್ಲಿ ಸಾದಾ ಕ್ಲಿಪ್ ಹಾಕಿದ್ದಾರೆ. ಒತ್ತಡದಲ್ಲಿ ಕಿತ್ತು ಬರುವುದು ಅಲ್ಲಿಂದಲೇ. ಥ್ರೆಡ್ ಇರುವ ಜೋಡಣೆಗೆ ಬದಲಿಸಿ. ಬೆಳಿಗ್ಗೆ ಪೈಪು ಗಟ್ಟಿಕಟ್ಟಿಕೊಂಡಿದ್ದರೆ ನಡುವೆ ಬೆಂಕಿ ಹಿಡಿಯುವುದು ಸಾಮಾನ್ಯ ತಪ್ಪು. ನಡುವೆ ಕರಗಿ ಹಿಗ್ಗಿದ ಡಾಂಬರಿಗೆ ಎರಡೂ ಕಡೆ ಬೆಣೆ. ಯಾವುದಾದರೂ ಒಂದು ಸಡಿಲಿದರೆ ಗುಂಡಿನ ಹಾಗೆ ಹೊರಡುತ್ತದೆ. ವಾಲ್ವುಗಳನ್ನೆಲ್ಲ ತೆರೆದು, ತೆರೆದ ತುದಿಯಿಂದ ಒಳಮುಖವಾಗಿ ಕಾಯಿಸುತ್ತ ಬರಬೇಕು, ಆ ತುದಿಯ ಎದುರು ಯಾರೂ ನಿಲ್ಲಬಾರದು. ಇದಕ್ಕಿಂತ ಒಳ್ಳೆಯದು ಸಂಜೆ ಕೆಲಸ ಮುಗಿದಾಗ ಪಂಪನ್ನು ಹಿಮ್ಮುಖ ಓಡಿಸಿ ಲೈನನ್ನು ಟ್ಯಾಂಕಿಗೇ ಖಾಲಿ ಮಾಡುವುದು. ಹಿಮ್ಮುಖ ಓಡುವ ಪಂಪು ಇದರಲ್ಲಿದೆ, ಬಳಸುವವರು ಕಡಿಮೆ. ಬದಲಿಗೆ ಬಿಸಿ ಲೈನಿಗೆ ಡೀಸೆಲ್ ಹಾಯಿಸಿ ತೊಳೆಯುತ್ತಾರೆ. ಆ ಡೀಸೆಲ್ ಒಳಗೇ ಉಳಿದು ಮರುದಿನ ಬಿಸಿ ಡಾಂಬರು ತಾಗಿದಾಗ ಆವಿಯಾಗುತ್ತದೆ. ಸ್ಪ್ರೇ ಶುರು ಮಾಡುವಾಗ ಮೊದಲ ಚಿಮ್ಮು ಒಣ ಡ್ರಮ್ಮಿನೊಳಗೆ. ನಾಜಲ್ ಕೆಳಮುಖ, ಗಾಳಿ ಬೆನ್ನಿಗೆ. ಒದ್ದೆ ರಸ್ತೆಗೆ ಸ್ಪ್ರೇ ಮಾಡಿದರೂ ಸಿಡಿಯುತ್ತದೆ: ಬೆಳಗಿನ ಇಬ್ಬನಿ, ಮಂಜು ಆರುವ ತನಕ ಕಾಯಲೇಬೇಕು.

ಹೊಗೆಯ ವಿಷಯ. ಬಿಸಿ ಹತ್ತು ಹನ್ನೆರಡು ಡಿಗ್ರಿ ಏರಿದರೆ ಹೊಗೆ ದುಪ್ಪಟ್ಟಾಗುತ್ತದೆ ಎಂಬುದು ಈ ಉದ್ಯಮದವರ ಅಂದಾಜು ಲೆಕ್ಕ. ರಸ್ತೆ ಕೆಲಸದ ಡಾಂಬರು ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಕ್ಯಾನ್ಸರ್ ತರುವ ಸಾಧ್ಯತೆ ಇರುವ’ 2ಬಿ ವರ್ಗದಲ್ಲಿ ಇಟ್ಟಿದೆ. ಮುಚ್ಚಳದ ಕೆಳಗೆ ಹೈಡ್ರೋಜನ್ ಸಲ್ಫೈಡ್ ಕೂಡ ಸೇರಿಕೊಂಡಿರಬಹುದು. ಅದರ ಕೊಳೆತ ಮೊಟ್ಟೆಯ ವಾಸನೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 100 ಭಾಗ) ಹತ್ತಿರ ಮೂಗಿಗೆ ಗೊತ್ತಾಗುವುದೇ ನಿಂತುಹೋಗುತ್ತದೆ. ವಾಸನೆ ಹೋಯಿತು ಎಂದರೆ ಅನಿಲ ಹೋಯಿತು ಎಂದಲ್ಲ. ಮುಚ್ಚಳ ತೆರೆದು ಒಂದು ನಿಮಿಷ ಗಾಳಿ ಬರುವ ಬದಿಯಲ್ಲಿ ನಿಲ್ಲಿ, ಬಗ್ಗಿ ಇಣುಕಬೇಡಿ. ಸ್ವಚ್ಛ ಮಾಡಲು ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ. ಬಾಯಿ ಸಣ್ಣದಿರುವುದು ಈ ಯಂತ್ರದ ಒಂದು ಪುಣ್ಯ. ಕಿಟ್ಟಿನಲ್ಲಿರುವ ಬಟ್ಟೆ ಮಾಸ್ಕು ಇವೆರಡಕ್ಕೂ ಉಪಯೋಗಕ್ಕಿಲ್ಲ.

ಕಿಟ್ ಎಂದೆವಲ್ಲ. ಕಾಸಿಗೆ ತಕ್ಕ ಕಜ್ಜಾಯ ಎನ್ನಬೇಕಷ್ಟೆ. ಹೆಲ್ಮೆಟ್ಟಿಗೆ ಐಎಸ್ 2925 ಗುರುತಿದೆ, ಮುಖದ ಶೀಲ್ಡ್ ಗದ್ದದ ಕೆಳಗಿನವರೆಗೂ ಬರುತ್ತದೆ, ಒಂದೂವರೆ ಅಂಕ ಅವಕ್ಕೇ. ಗ್ಲೌಸು ಪಿವಿಸಿಯದು, ಮಣಿಕಟ್ಟಿಗೆ ಎಲಾಸ್ಟಿಕ್. ಬಿಸಿ ಡಾಂಬರು ತಾಗಿದರೆ ಅದೇ ಮೆತ್ತಗಾಗಿ ಚರ್ಮಕ್ಕೆ ಅಂಟುತ್ತದೆ, ಎಲಾಸ್ಟಿಕ್ಕಿನಿಂದ ಬೇಗ ಕಳಚಲೂ ಆಗುವುದಿಲ್ಲ. ಬೇಕಾದದ್ದು ಮೊಣಕೈ ಹತ್ತಿರ ಬರುವ, ಒಂದೇ ಕೊಡವಿಗೆ ಜಾರುವ ಸಡಿಲ ಚರ್ಮದ ಗ್ಲೌಸು. ಶಾಖ ತಡೆಯುವ ಗ್ಲೌಸಿನ ಯುರೋಪಿನ ಮಾನಕವಾದ ಇಎನ್ 407ರ ಗುರುತಿನಲ್ಲಿ ಸಂಪರ್ಕ ಶಾಖದ ಅಂಕಿ 2 ಇದ್ದರೆ 250 ಡಿಗ್ರಿಗೆ 15 ಸೆಕೆಂಡು ತಡೆಯುತ್ತದೆ ಎಂದರ್ಥ. ಅಂಗಿಯ ತೋಳು ಗ್ಲೌಸಿನ ಮೇಲೆ ಇಳಿದಿರಬೇಕು. ಗಂಬೂಟು ಇನ್ನೂ ಕೆಟ್ಟ ಆಯ್ಕೆ: ಬಾಯಿ ತೆರೆದಿರುವುದರಿಂದ ಚೆಲ್ಲಿದ್ದು ನೇರ ಒಳಗೆ ಹೋಗಿ ಕಾಲಿಗೆ ಅಂಟಿ ಕೂರುತ್ತದೆ. ಮಳೆಗಾಲದ ಗದ್ದೆಗೆ ಸರಿ, ಡಾಂಬರಿಗಲ್ಲ. ಐಎಸ್ 15298ರ, ಎಚ್‌ಆರ್‌ಒ ಎಂದು ಅಚ್ಚಾಗಿರುವ, ಕಣಕಾಲಿನ ಗಂಟಿಗಿಂತ ಮೇಲೆ ಬರುವ ಬೂಟು ತೆಗೆದುಕೊಳ್ಳಿ. ಅದರ ಅಟ್ಟೆಯನ್ನು 300 ಡಿಗ್ರಿಯಲ್ಲಿ ಒಂದು ನಿಮಿಷ ಪರೀಕ್ಷಿಸಿರುತ್ತಾರೆ. ಪ್ಯಾಂಟು ಬೂಟಿನ ಹೊರಗೆ, ಮಡಚಿರಬಾರದು. ಕೊಟ್ಟಿರುವ ಹೊಳೆಯುವ ಜಾಕೆಟ್ ಪಾಲಿಯೆಸ್ಟರ್, ಕರಗುತ್ತದೆ. ಒಳಗೆ ದಪ್ಪ ಹತ್ತಿ ಅಂಗಿ ಇರಲೇಬೇಕು.

ಇನ್ನೊಂದು ಸಂಗತಿ: ಕಿಟ್ ಇರುವುದು ಇಬ್ಬರಿಗೆ. ಬಾಯ್ಲರ್ ನೋಡುವವನಿಗೆ, ಲ್ಯಾನ್ಸ್ ಹಿಡಿದವನಿಗೆ. ಸ್ಪ್ರೇ ಆದ ಕೂಡಲೇ ಜಲ್ಲಿ ಚೆಲ್ಲುವ ಹೆಂಗಸರು ಹವಾಯಿ ಚಪ್ಪಲಿಯಲ್ಲಿ, ನೈಲಾನ್ ಸೀರೆಯಲ್ಲಿ ಅದೇ ಡಾಂಬರಿನ ಪಕ್ಕದಲ್ಲೇ ಇರುತ್ತಾರೆ. ಅವರ ಬೂಟಿನ, ಹತ್ತಿ ಕೋಟಿನ ಖರ್ಚನ್ನು ಬಾಯ್ಲರಿನ ಬೆಲೆಗೇ ಸೇರಿಸಿ ಲೆಕ್ಕ ಹಾಕುವುದು ಸರಿಯಾದ ಲೆಕ್ಕ.

ಜತೆಗೆ ಬರುವ ಬೆಂಕಿ ಆರಿಸುವ ಸಿಲಿಂಡರ್ ಕಾರಿನಲ್ಲಿಡುವ ಗಾತ್ರದ್ದು. ಐಎಸ್ 15683ರ ಡ್ರೈ ಪೌಡರಿನದು, 9 ಕೆಜಿಯದು ಎರಡು ಬೇಕು. ಬಾಯ್ಲರಿಗೆ ತಗುಲಿಸದೆ ಗಾಳಿಯ ಬದಿಯಲ್ಲಿ ದೂರ ಇಡಿ. ಟ್ಯಾಂಕಿನೊಳಗೆ ಬೆಂಕಿ ಬಿದ್ದರೆ ಬರ್ನರ್ ಆರಿಸಿ, ಸುರಕ್ಷಿತವಾಗಿ ಆಗುವುದಾದರೆ ಮುಚ್ಚಳ ಹಾಕಿ. ಉಸಿರುಕಟ್ಟಿ ತಾನೇ ಆರುತ್ತದೆ. ನೀರು ಹಾಕಿದರೆ ಉರಿಯುವ ಡಾಂಬರು ರಸ್ತೆಯೆಲ್ಲ ಹರಡುತ್ತದೆ.

ನೀರು ಬೇಕಾಗುವುದು ಮನುಷ್ಯರಿಗೆ, ಅದೂ ಬಹಳ. ಡಾಂಬರು ಮೈಗೆ ಬಿದ್ದರೆ ಅಂಟಿದ್ದಲ್ಲೇ ಇದ್ದು ಒಳಕ್ಕೆ ಸುಡುತ್ತ ಹೋಗುತ್ತದೆ, ಆದ್ದರಿಂದ ತಕ್ಷಣ ಹರಿಯುವ ತಣ್ಣೀರು, 20 ನಿಮಿಷ. ನಿಮಿಷಕ್ಕೆ 5 ಲೀಟರ್ ಎಂದರೂ 100 ಲೀಟರ್ ಆಯಿತು. ಕ್ಯಾನಿನ ಕುಡಿಯುವ ನೀರು ಎಲ್ಲಿ ಸಾಲುತ್ತದೆ? ನಲ್ಲಿ ಹಾಕಿದ 200 ಲೀಟರಿನ ಶುದ್ಧ ನೀರಿನ ಡ್ರಮ್ ಬಾಯ್ಲರಿನಿಂದ ಓಡಿ ತಲುಪುವ ದೂರದಲ್ಲಿ ಇರಲಿ. ಐಸ್ ಬೇಡ. ಬಳೆ, ಉಂಗುರ, ವಾಚು ಊದುವ ಮೊದಲೇ ತೆಗೆಯಿರಿ. ಅಂಟಿದ ಡಾಂಬರನ್ನು ಕೀಳಬೇಡಿ, ಚರ್ಮವೂ ಜತೆಗೆ ಬರುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಹಚ್ಚಿ ಉಜ್ಜಬೇಡಿ. ಬೆರಳಿನ, ಕೈಯ ಸುತ್ತ ಬಳೆಯಂತೆ ಗಟ್ಟಿಯಾಗಿದ್ದರೆ ಅದು ಬಿಗಿದು ರಕ್ತ ನಿಲ್ಲಿಸಬಲ್ಲದು, ತಣ್ಣಗಾದ ಮೇಲೆ ಉದ್ದಕ್ಕೆ ಸೀಳು ಬಿಡಿಸಬೇಕು. ಕಣ್ಣಿಗೆ ಬಿದ್ದರೆ ನೀರು ಹಾಯಿಸುತ್ತಲೇ 108ಕ್ಕೆ ಕರೆ ಮಾಡಿ, ಉಜ್ಜುವಂತಿಲ್ಲ. ಆಗುಂಬೆಯ ಹತ್ತಿರ ಕೆಲಸವಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ 90 ಕಿ.ಮೀ. ಆಸುಪಾಸಿನ ದಾರಿ, ಮೊದಲ 20 ನಿಮಿಷ ನಿಮ್ಮ ಕೈಯಲ್ಲೇ ಇದೆ. ‘ಬಿಸಿ ಡಾಂಬರು ಬಿದ್ದಿದೆ, ಕಿತ್ತಿಲ್ಲ, ಇಷ್ಟು ಹೊತ್ತು ನೀರು ಹಾಕಿದೆ’ ಎಂದು ಬರೆದ ಚೀಟಿಯನ್ನು ಗಾಯಾಳುವಿನ ಜತೆ ಕಳಿಸಿ. ಕಿಟ್ಟಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಇರುವುದು ಹತ್ತಿ, ಪ್ಲಾಸ್ಟರ್ ಮತ್ತು ತಲೆನೋವಿನ ಮಾತ್ರೆ.

ಕೊಳ್ಳಬೇಕೋ ಬಾಡಿಗೆಯೋ? ಡಿಸೆಂಬರಿನಿಂದ ಮೇವರೆಗೆ ಬಿಡುವಿಲ್ಲದೆ ಕೆಲಸವಿರುವವರು ಕೊಳ್ಳಲಿ, ಆದರೆ ಕಿಟ್ ಬೇಡವೆಂದು ಆ ದುಡ್ಡನ್ನು ಕಡಿತ ಮಾಡಿಸಿಕೊಂಡು ಥರ್ಮೋಸ್ಟಾಟ್, ಎರಡು ಹಿಂಜಾಕ್, ಥ್ರೆಡ್ ಜೋಡಣೆ ಹಾಕಿಸಿಕೊಳ್ಳಲಿ. ಹತ್ತಾರು ಗುಂಡಿ ಮುಚ್ಚುವವರಿಗೆ, ಬರೀ ಟ್ಯಾಕ್ ಕೋಟ್ ಹೊಡೆಯುವವರಿಗೆ ಈ ಬಾಯ್ಲರ್ ಬೇಕೇ ಇಲ್ಲ. ಹಳೇ ಡಾಂಬರು ರಸ್ತೆಯ ಮೇಲೆ ಚದರ ಮೀಟರಿಗೆ 0.20ರಿಂದ 0.30 ಕೆಜಿ ಆರ್‌ಎಸ್-1 ಎಮಲ್ಶನ್ ಸಾಕು, ಅದನ್ನು ಕಾಯಿಸುವ ಗೋಜೇ ಇಲ್ಲ. ಕಂದು ಬಣ್ಣ ಕಪ್ಪಾಗುವ ತನಕ ಮಳೆ ಬೀಳದಂತೆ ದಿನ ನೋಡಿ ಹಾಕಿದರಾಯಿತು.